ಮನೆಯ ಕೊಳಾಯಿ ನಕ್ಷೆಗಳು: ಮಾದರಿಗಳನ್ನು ಅರಸುವ ಮತ್ತು ಅಭ್ಯಸಿಸುವ ಬಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿರುವುದು ಸುಳ್ಳಲ್ಲ. ಮನೆ ಕಟ್ಟಿಸಿದ ಗೃಹಸ್ಥನು ಬಾಗಿಲು, ಕಿಟಕಿ, ಛಾವಣಿಗಳ ವಿಷಯವನ್ನು ಹತ್ತು ಜನರೊಡನೆ ಚರ್ಚಿಸಿರುತ್ತಾನೆ. ಯಾವ ಕೋಣೆ ಯಾವ ದಿಕ್ಕಿಗಿರಬೇಕೆಂಬುದನ್ನು ಬಾಯಿಪಾಠವಾಗಿ ಬಲ್ಲನು. ಆದರೆ ಆ ಮನೆಯ ಗೋಡೆಗಳೊಳಗೆ ನೀರು ಯಾವ ದಾರಿಯಿಂದ ಬರುತ್ತದೆ, ಬಳಸಿದ ನೀರು ನೆಲದ ಕೆಳಗೆ ಯಾವ ದಾರಿಯಿಂದ ಹೊರಟುಹೋಗುತ್ತದೆ ಎಂದು ಕೇಳಿದರೆ, ‘ಅದು ನಲ್ಲಿ ಕೆಲಸದವನಿಗೆ ಗೊತ್ತು’ ಎಂದು ಸುಮ್ಮನಾಗುತ್ತಾನೆ. ನಲ್ಲಿ ಕೆಲಸದವನು ತನ್ನ ಕೆಲಸ ಮುಗಿಸಿ ಹೋಗಿರುತ್ತಾನೆ. ಗಾರೆಯವನು ಗೋಡೆಯನ್ನು ಮುಚ್ಚಿರುತ್ತಾನೆ. ಐದಾರು ವರ್ಷಗಳ ಮೇಲೆ ಗೋಡೆಯಲ್ಲಿ ತೇವ ಕಾಣಿಸಿಕೊಂಡರೆ, ಹೊಸದಾಗಿ ಬಂದ ಕೆಲಸದವನು ಸುತ್ತಿಗೆ ಉಳಿಗಳನ್ನು ಹಿಡಿದು, ಕೊಳವೆ ಇಲ್ಲಿರಬಹುದು, ಅಲ್ಲಿರಬಹುದು ಎಂದು ಊಹಿಸುತ್ತ ನಾಲ್ಕು ಕಡೆ ಒಡೆಯುತ್ತಾನೆ. ಒಡೆದ ಗೋಡೆಯ ವೆಚ್ಚವೂ ಊಹೆಯ ವೆಚ್ಚವೂ ಮನೆಯವನ ಮೇಲೆಯೇ ಬೀಳುತ್ತವೆ.

ಈ ತೊಂದರೆಗೆ ಮದ್ದು ಒಂದೆರಡು ಹಾಳೆ ಕಾಗದ. ಕೊಳವೆಗಳು ಎಲ್ಲಿ ಹೊರಟು, ಎಲ್ಲಿ ತಿರುಗಿ, ಎಲ್ಲಿ ಸೇರುತ್ತವೆಂಬುದನ್ನು ಅಳತೆಗಳೊಡನೆ ತೋರಿಸತಕ್ಕ ನಕ್ಷೆಯು ಮನೆಯ ಕ್ರಯಪತ್ರದ ಜೊತೆಗೆ ಪೆಟ್ಟಿಗೆಯಲ್ಲಿದ್ದರೆ, ಒಡೆಯಬೇಕಾದುದು ಒಂದೇ ಕಡೆ. ಇಂತಹ ನಕ್ಷೆಗಳನ್ನು ಬರೆಯಲು ಕಲಿಯುತ್ತಿರುವ ತರುಣ ತರುಣಿಯರು ನಮ್ಮ ವಾಚಕರ ಮನೆಗಳಲ್ಲಿಯೇ ಅನೇಕರಿರಬಹುದು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಸಿವಿಲ್ ನಕ್ಷೆಗಾರಿಕೆಗೆ ಎರಡು ವರ್ಷಗಳ ಶಿಕ್ಷಣವುಂಟು. ಪಾಲಿಟೆಕ್ನಿಕ್ಕುಗಳಲ್ಲಿ ಮೂರು ವರ್ಷಗಳ ಡಿಪ್ಲೊಮಾ ಉಂಟು. ಅಲ್ಲಿ ಗೋಡೆ, ಮೆಟ್ಟಿಲು, ಬಾಗಿಲುಗಳ ನಕ್ಷೆಗಳಿಗೆ ಸಲ್ಲುವಷ್ಟು ವೇಳೆ ಕೊಳಾಯಿಯ ನಕ್ಷೆಗಳಿಗೆ ಸಲ್ಲುವುದು ಅಪರೂಪ. ಆದಕಾರಣ ಅವರು ಕೇಳುವ ಪ್ರಶ್ನೆ ಸಹಜವಾದುದು: ‘ವಾಸದ ಮನೆಗಳ ಒಳ್ಳೆಯ ಮಾದರಿ ನಕ್ಷೆಗಳು ಎಲ್ಲಿ ದೊರೆಯುತ್ತವೆ? ಅವುಗಳನ್ನು ನೋಡಿ ಕೈಯನ್ನು ತಿದ್ದಿಕೊಳ್ಳುವುದು ಹೇಗೆ?’

ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಮಾದರಿಗಳು ದುರ್ಲಭವಲ್ಲ, ಅವುಗಳನ್ನು ಪರೀಕ್ಷಿಸುವ ಅಭ್ಯಾಸವೇ ದುರ್ಲಭ. ನಿಂತಿರುವ ಒಂದು ಮನೆಯೊಡನೆ ತಾಳೆ ನೋಡದೆ ಮಾದರಿಯನ್ನು ನಕಲು ಮಾಡಿದವನಿಗೆ ಗೆರೆ ಎಳೆಯುವುದು ಬಂದೀತು. ಕೊಳಾಯಿಯ ವಿದ್ಯೆ ಬರಲಾರದು.

ನಕ್ಷೆಯ ಅಗತ್ಯ

ವಿಜಾಪುರದಲ್ಲಿ ಆದಿಲ್ ಶಾಹಿ ಅರಸರು ತೊರವಿಯಿಂದಲೂ, ೧೬೫೧ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ಊರೊಳಕ್ಕೆ ನೀರು ತಂದರು. ನೆಲದಡಿಯ ಕೊಳವೆಗಳ ಸಾಲಿನಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಕಲ್ಲಿನ ಗೋಪುರಗಳನ್ನು ಎಬ್ಬಿಸಿದರು. ನೀರಿನ ಒತ್ತಡವನ್ನು ತಗ್ಗಿಸುವುದು ಆ ಗೋಪುರಗಳ ಕೆಲಸ. ಆದರೆ ಅವುಗಳಿಂದ ಇನ್ನೊಂದು ಪ್ರಯೋಜನವೂ ಆಯಿತು: ಕೊಳವೆ ಹಾದುಹೋದ ದಾರಿ ಯಾವುದೆಂಬುದು ನೋಡುವವರಿಗೆ ದೂರದಿಂದಲೇ ತಿಳಿಯುವಂತಾಯಿತು. ನಮ್ಮ ಮನೆಗಳಲ್ಲಿ ಅಂತಹ ಗೋಪುರಗಳಿಲ್ಲ. ಗೋಡೆಯಲ್ಲಿ ಹುದುಗಿದ ಕೊಳವೆಗೆ ನಕ್ಷೆಯೊಂದೇ ಗುರುತು.

ಇದು ಗೋಡೆ ಒಡೆಯುವ ವೆಚ್ಚದ ಮಾತು ಮಾತ್ರವಲ್ಲ, ಮನೆಯವರ ಆರೋಗ್ಯದ ಮಾತೂ ಹೌದು. ನಮ್ಮ ಊರುಗಳಲ್ಲಿ ನಲ್ಲಿಯ ನೀರು ಬಹುಮಟ್ಟಿಗೆ ದಿನದ ಕೆಲವು ಗಂಟೆಗಳ ಕಾಲ, ಅಥವಾ ದಿನ ಬಿಟ್ಟು ದಿನ ಬರುತ್ತದೆ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಕುಗ್ಗುತ್ತದೆ. ಆ ಕೊಳವೆಯ ಕೀಲಿನಲ್ಲಿ ಸಣ್ಣ ಬಿರುಕಿದ್ದು, ಪಕ್ಕದಲ್ಲಿಯೇ ಸೋರುವ ಚರಂಡಿಯ ಕೊಳವೆಯಿದ್ದರೆ, ಹೊರಗಿನ ಕೊಳೆನೀರು ಒಳಕ್ಕೆ ಹೀರಲ್ಪಡುವುದುಂಟು. ಅನಂತರ ನೀರು ಬಿಟ್ಟಾಗ ಅದೇ ನೀರು ಸಂಪಿಗೆ, ಅಲ್ಲಿಂದ ಮೇಲಿನ ತೊಟ್ಟಿಗೆ, ಅಲ್ಲಿಂದ ಅಡಿಗೆಮನೆಗೆ ಬಂದು ಸೇರುತ್ತದೆ. ವಿಷಮಶೀತಜ್ವರ, ಕಾಮಾಲೆ, ಅತಿಸಾರಗಳು ಈ ದಾರಿಯಿಂದ ಮನೆ ಹೊಕ್ಕಬಲ್ಲವು. ಕುಡಿಯುವ ನೀರಿನ ಕೊಳವೆ ಎಲ್ಲಿದೆ, ಚರಂಡಿಯ ಕೊಳವೆ ಎಲ್ಲಿದೆ, ಅವೆರಡೂ ಎಲ್ಲಿ ಒಂದನ್ನೊಂದು ದಾಟುತ್ತವೆ ಎಂಬುದನ್ನು ನೆಲ ಅಗೆಯುವ ಮೊದಲೇ ಕಾಗದದ ಮೇಲೆ ಕಂಡವನು ಈ ಅಪಾಯವನ್ನು ತಪ್ಪಿಸಬಲ್ಲನು.

ಇಂಗ್ಲೆಂಡಿನ ಜನರಿಗೆ ಈ ಪಾಠವನ್ನು ರೋಗವೇ ಕಲಿಸಿತು. ೧೮೭೧ರಲ್ಲಿ ಅಲ್ಲಿನ ಯುವರಾಜನು ಸ್ಕಾರ್‌ಬರೋ ಎಂಬ ಊರಿನ ಶ್ರೀಮಂತರ ಮನೆಯೊಂದರಲ್ಲಿ ತಂಗಿದ್ದು, ಬಳಿಕ ವಿಷಮಶೀತಜ್ವರದಿಂದ ಮರಣದ ಬಾಗಿಲಿನವರೆಗೆ ಹೋಗಿ ಬದುಕಿದನು. ಅದೇ ಮನೆಯಲ್ಲಿ ತಂಗಿದ್ದ ಚೆಸ್ಟರ್‌ಫೀಲ್ಡಿನ ಅರ್ಲ್ ಬದುಕಲಿಲ್ಲ. ದೊಡ್ಡವರ ಮನೆಯ ಚರಂಡಿಯೂ ಕೆಟ್ಟಿರಬಹುದೆಂಬುದು ಆಗ ಜನರ ಮನಸ್ಸಿಗೆ ನಾಟಿತು. ೧೮೭೮ರಲ್ಲಿ ಲೀಡ್ಸ್ ನಗರದ ಶಸ್ತ್ರವೈದ್ಯ ಥಾಮಸ್ ಪ್ರಿಜಿನ್ ಟೀಲ್ ಎಂಬವರು ‘ಡೇಂಜರ್ಸ್ ಟು ಹೆಲ್ತ್’ ಎಂಬ ಚಿತ್ರಗ್ರಂಥವನ್ನು ಪ್ರಕಟಿಸಿದರು. ಕೊಳಾಯಿ ಚರಂಡಿಗಳ ದೋಷಗಳನ್ನು ಒಂದೊಂದಾಗಿ, ಮನೆಯನ್ನು ಉದ್ದಕ್ಕೆ ಸೀಳಿದಂತೆ ಬರೆದ ಚಿತ್ರಗಳಲ್ಲಿ ಅವರು ತೋರಿಸಿದರು. ಒಂದು ಚಿತ್ರದಲ್ಲಿ ಮನೆಯ ಏರ್ಪಾಡುಗಳೆಲ್ಲವೂ ಕೆಟ್ಟಿವೆ. ಇನ್ನೊಂದರಲ್ಲಿ ಆ ದೋಷಗಳನ್ನೆಲ್ಲ ನಿವಾರಿಸಿದೆ. ಚರಂಡಿಯ ಗಾಳಿಯೇ ರೋಗಕ್ಕೆ ಕಾರಣವೆಂದು ಆ ಕಾಲದವರು ನಂಬಿದ್ದರು. ವಿಷಮಶೀತಜ್ವರದ ಕ್ರಿಮಿಯನ್ನು ೧೮೮೦ರಲ್ಲಿ ಎಬರ್ತ್ ಎಂಬ ವಿಜ್ಞಾನಿ ಗುರುತಿಸಿದ ಮೇಲೆ ಆ ನಂಬಿಕೆ ಕ್ರಮವಾಗಿ ಬದಲಾಯಿತು. ಕಾರಣವನ್ನು ತಿಳಿದ ರೀತಿ ತಪ್ಪಾಗಿದ್ದರೂ ಕೀಲು ಎಲ್ಲಿ ಸಡಿಲ, ತೊಟ್ಟಿ ಎಲ್ಲಿ ಚರಂಡಿಗೆ ಅಂಟಿಕೊಂಡಿದೆ ಎಂದು ತೋರಿಸಿದ ಆ ಚಿತ್ರಗಳು ಇಂದಿಗೂ ವಿದ್ಯಾರ್ಥಿಗೆ ಉಪಯುಕ್ತವಾಗಿವೆ.

ಮಾದರಿಗಳು ದೊರೆಯುವ ಎಡೆಗಳು

ಮೊದಲನೆಯದಾಗಿ ನಮ್ಮ ದೇಶದ ಮಾನಕಗಳನ್ನು ಹೇಳಬೇಕು. ೧೯೪೭ರಲ್ಲಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆಯು ೧೯೮೭ರಲ್ಲಿ ಭಾರತೀಯ ಮಾನಕ ಬ್ಯೂರೋ ಆಯಿತು. ಕಟ್ಟಡದೊಳಗಿನ ನೀರಿನ ಪೂರೈಕೆಗೆ ಐ.ಎಸ್. ೨೦೬೫, ಕಟ್ಟಡದ ಚರಂಡಿಗೆ ಐ.ಎಸ್. ೧೭೪೨, ಸೆಪ್ಟಿಕ್ ಟ್ಯಾಂಕಿಗೆ ಐ.ಎಸ್. ೨೪೭೦ ಎಂಬ ಮಾನಕಗಳುಂಟು. ಇವುಗಳ ಸಾರವನ್ನು ಚಿತ್ರಗಳೊಡನೆ ವಿವರಿಸುವ ಎಸ್.ಪಿ. ೩೫ ಎಂಬ ಕೈಪಿಡಿ ೧೯೮೭ರಲ್ಲಿ ಹೊರಬಿದ್ದಿತು. ೧೯೭೦ರಲ್ಲಿ ಮೊದಲು ಪ್ರಕಟವಾಗಿ ೨೦೧೬ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಒಂಬತ್ತನೆಯ ಭಾಗವು ಕೊಳಾಯಿ ಕೆಲಸಕ್ಕೇ ಮೀಸಲಾಗಿದೆ. ಬ್ಯೂರೋದ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡವರು ಭಾರತೀಯ ಮಾನಕಗಳನ್ನು ವೆಚ್ಚವಿಲ್ಲದೆ ಪಡೆದುಕೊಳ್ಳಬಹುದು. ಇವು ಓದಲು ರಸವತ್ತಾದ ಗ್ರಂಥಗಳಲ್ಲ. ಆದರೆ ಬೇರೆ ಮಾದರಿಗಳನ್ನು ಒರೆಹಚ್ಚುವುದಕ್ಕೆ ಇವೇ ಒರೆಗಲ್ಲು.

ಎರಡನೆಯದು ಹಳೆಯ ಗ್ರಂಥಗಳು. ಟೀಲರ ಪುಸ್ತಕದಂತೆಯೇ ಸ್ಟೀವನ್ಸ್ ಹೆಲ್ಯರರ ‘ದಿ ಪ್ಲಂಬರ್ ಅಂಡ್ ಸ್ಯಾನಿಟರಿ ಹೌಸಸ್’ (೧೮೭೭), ಅಮೆರಿಕದ ಸ್ಟಾರ್‌ಬಕ್ಕರ ‘ಮಾಡರ್ನ್ ಪ್ಲಂಬಿಂಗ್ ಇಲ್ಲಸ್ಟ್ರೇಟೆಡ್’ (೧೯೦೭) ಇವು ಚಿತ್ರಗಳಿಂದ ತುಂಬಿದ ಪುಸ್ತಕಗಳು. ಇವುಗಳ ಹಕ್ಕಿನ ಅವಧಿ ಮುಗಿದಿರುವುದರಿಂದ ಅಂತರಜಾಲದ ಪುಸ್ತಕಭಂಡಾರಗಳಲ್ಲಿ ಯಾರು ಬೇಕಾದರೂ ನೋಡಬಹುದು. ಸೀಸದ ಕೊಳವೆಯ ಕಾಲದ ಪುಸ್ತಕಗಳಾದುದರಿಂದ ಸಾಮಗ್ರಿಯ ವಿಷಯದಲ್ಲಿ ಇವನ್ನು ಅನುಸರಿಸಕೂಡದು. ಚಿತ್ರದಲ್ಲಿ ವಿಷಯವನ್ನು ಸ್ಪಷ್ಟಪಡಿಸುವ ಕಲೆಗಾಗಿ ನೋಡಬೇಕು. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಎಲ್ಲಿ ಸೀಳಿ ತೋರಿಸಿದರೆ ನೋಡುವವನಿಗೆ ಬೇಗ ತಿಳಿಯುತ್ತದೆ ಎಂಬುದರಲ್ಲಿ ಆ ಚಿತ್ರಗಾರರು ಬಲ್ಲಿದರಾಗಿದ್ದರು.

ಮೂರನೆಯದು ನಮ್ಮ ಊರಿನ ಶಿಲ್ಪಿಗಳ ಮತ್ತು ಎಂಜಿನಿಯರುಗಳ ಕಚೇರಿಗಳು. ಮುಗಿದ ಕೆಲಸಗಳ ನಕ್ಷೆಗಳು ಅಲ್ಲಿ ಕಟ್ಟುಕಟ್ಟಾಗಿರುತ್ತವೆ. ವಿನಯದಿಂದ ಕೇಳಿದ ವಿದ್ಯಾರ್ಥಿಗೆ ತೋರಿಸುವವರು ಇಲ್ಲದಿಲ್ಲ. ಆದರೆ ಅನ್ಯರ ಮನೆಯ ನಕ್ಷೆ ಅನ್ಯರ ಸ್ವತ್ತು. ಒಡೆಯರ ಹೆಸರು ವಿಳಾಸಗಳನ್ನು ಮರೆಮಾಡಿದ ಪ್ರತಿಯನ್ನು ಮಾತ್ರ, ಅದೂ ಅನುಮತಿಯಿದ್ದರೆ ಮಾತ್ರ, ಮನೆಗೆ ತರತಕ್ಕದ್ದು.

ನಾಲ್ಕನೆಯದು ಸಾಮಾನು ತಯಾರಿಸುವವರ ಪಟ್ಟಿಕೆಗಳು. ಶೌಚದ ಬೇಸಿನ್ನಿನ ಹೊರಗಂಡಿ ಗೋಡೆಯಿಂದ ಎಷ್ಟು ದೂರದಲ್ಲಿರಬೇಕು, ಕೈತೊಳೆಯುವ ಬೇಸಿನ್ನಿನ ಅಂಚು ನೆಲದಿಂದ ಎಷ್ಟು ಎತ್ತರ ಎಂಬ ಅಳತೆಗಳು ಅಲ್ಲಿಯೇ ನಿಖರವಾಗಿ ಸಿಗುತ್ತವೆ. ಒಂದು ತಯಾರಿಯ ಅಳತೆ ಇನ್ನೊಂದಕ್ಕೆ ಹೊಂದದು. ಮಳೆಯ ನೀರಿನ ಏರ್ಪಾಡನ್ನು ಕಣ್ಣಾರೆ ನೋಡಬೇಕೆನ್ನುವವರು ಬೆಂಗಳೂರಿನ ಜಲಮಂಡಳಿಯು ಜಯನಗರದಲ್ಲಿ ಏರ್ಪಡಿಸಿದ ಮಳೆನೀರಿನ ಕೊಯ್ಲಿನ ಉದ್ಯಾನದ ಮಾದರಿಗಳನ್ನು ನೋಡಬಹುದು. ಮಳೆಯ ನೀರನ್ನು ಒಳಚರಂಡಿಗೆ ಬಿಡದೆ ಬೇರೆ ದಾರಿಯಲ್ಲಿ ಸಾಗಿಸಬೇಕೆಂಬುದು ಒಳ್ಳೆಯ ನಕ್ಷೆಯ ಲಕ್ಷಣಗಳಲ್ಲೊಂದು.

ಹೊರನಾಡಿನ ಮಾದರಿಗಳಲ್ಲಿ ಎಚ್ಚರ

ಅಂತರಜಾಲದಲ್ಲಿ ಅರಸಿದವನಿಗೆ ಮೊದಲು ಕಣ್ಣಿಗೆ ಬೀಳುವುದು ಅಮೆರಿಕದ ಮನೆಗಳ ನಕ್ಷೆಗಳು. ಅವು ಅಂದವಾಗಿರುತ್ತವೆ, ಅದರಿಂದಲೇ ಅವುಗಳಲ್ಲಿ ಅಪಾಯ ಹೆಚ್ಚು. ಅಲ್ಲಿ ಬೀದಿಯ ಕೊಳವೆಯ ನೀರು ಹಗಲಿರುಳೂ ಒತ್ತಡದಿಂದ ಬಂದು ನೇರವಾಗಿ ನಲ್ಲಿಗಳಿಗೆ ಹೋಗುತ್ತದೆ. ನಮ್ಮಲ್ಲಿ ನೀರು ನೆಲದಡಿಯ ಸಂಪಿಗೆ ಇಳಿದು, ಪಂಪಿನಿಂದ ಮೇಲಿನ ತೊಟ್ಟಿಗೆ ಏರಿ, ಅಲ್ಲಿಂದ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಅಲ್ಲಿನ ಮನೆಗಳು ಬಹುಮಟ್ಟಿಗೆ ಮರದ ಚೌಕಟ್ಟಿನವು. ಟೊಳ್ಳು ಗೋಡೆಯೊಳಗೆ ಕೊಳವೆಗಳು ನಿರಾಯಾಸವಾಗಿ ಏರಿಹೋಗುತ್ತವೆ. ನಮ್ಮವು ಇಟ್ಟಿಗೆ, ಕಾಂಕ್ರೀಟಿನವು. ಕೊಳವೆಗೆ ಗೋಡೆಯನ್ನು ಕೊರೆಯಬೇಕು, ಇಲ್ಲವೆ ಹೊರಗೋಡೆಯ ಮೇಲೆ ಇಳಿಸಬೇಕು. ಬಚ್ಚಲಿನ ನೆಲವನ್ನೇ ತೊಳೆದು ನೀರು ಹರಿಸುವ ನಮ್ಮ ಪದ್ಧತಿಗೆ ನೆಲದಲ್ಲಿ ನಹನಿ ಟ್ರಾಪು ಬೇಕು. ಅಲ್ಲಿನ ಅನೇಕ ಸ್ನಾನಗೃಹಗಳ ನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ.

ಹೀಗೆಂದು ಪರದೇಶದ ಮಾದರಿಯನ್ನು ತ್ಯಜಿಸಬೇಕೆಂದು ನಾವು ಹೇಳುವುದಿಲ್ಲ. ಅದರಿಂದ ಗೆರೆಯ ಶುದ್ಧಿಯನ್ನೂ ಅಕ್ಷರದ ಅಚ್ಚುಕಟ್ಟನ್ನೂ ಕಲಿಯಬೇಕು. ಏರ್ಪಾಡನ್ನು ನಮ್ಮ ನೆಲದಿಂದಲೇ ಕಲಿಯಬೇಕು. ನಮ್ಮ ನೆಲದಲ್ಲಿಯೂ ಬಡಾವಣೆಯಿಂದ ಬಡಾವಣೆಗೆ ಭೇದವುಂಟು. ೧೮೯೮ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಲ್ಲಿ ಮನೆಗಳ ಹಿಂದೆ ಝಾಡಮಾಲಿಗಳ ಓಡಾಟಕ್ಕೆಂದು ಕಿರುಗಲ್ಲಿಗಳನ್ನು ಬಿಟ್ಟಿದ್ದರು. ಆ ಕಾಲದ ಮನೆಗಳ ಶೌಚಗೃಹಗಳು ಹಿತ್ತಿಲಿನ ಕೊನೆಗೆ ಇರುವುದಕ್ಕೆ ಅದೇ ಕಾರಣ. ಅಂತಹ ಮನೆಯ ನಕ್ಷೆಯಲ್ಲಿ ಕೊಳವೆ ಹಿಂದಕ್ಕೆ ಓಡಿದರೆ ಅದಕ್ಕೆ ಅರ್ಥವುಂಟು. ಮುಂದಿನ ಬೀದಿಯಲ್ಲಿ ಮಾತ್ರ ಚರಂಡಿಯಿರುವ ಹೊಸ ಬಡಾವಣೆಯ ಮನೆಗೆ ಅದನ್ನೇ ನಕಲು ಮಾಡಿದರೆ ಅರ್ಥವಿಲ್ಲ.

ಓದುವ ಕ್ರಮ

ಒಂದು ಮನೆಯ ಕೊಳಾಯಿ ನಕ್ಷೆಯೆಂದರೆ ಒಂದು ಹಾಳೆಯಲ್ಲ, ಒಂದು ಕಟ್ಟು. ನಿವೇಶನದ ನಕ್ಷೆಯಲ್ಲಿ ಸಂಪು, ಚೇಂಬರುಗಳು, ಬೀದಿಯ ಚರಂಡಿಗೆ ಕೂಡುವ ಜಾಗ ಇರುತ್ತವೆ. ಪ್ರತಿ ಅಂತಸ್ತಿಗೂ ನೀರಿನ ನಕ್ಷೆಯೊಂದು, ಚರಂಡಿಯ ನಕ್ಷೆಯೊಂದು ಇರುತ್ತದೆ. ಮಾಳಿಗೆಯ ನಕ್ಷೆಯಲ್ಲಿ ತೊಟ್ಟಿಯೂ ಮಳೆನೀರಿನ ಕೊಳವೆಗಳೂ ಕಾಣುತ್ತವೆ. ಬಚ್ಚಲುಮನೆ, ಅಡಿಗೆಮನೆಗಳನ್ನು ದೊಡ್ಡ ಪ್ರಮಾಣದಲ್ಲಿ ಬರೆದ ವಿವರಚಿತ್ರಗಳು ಬೇರೆ. ಕೊಳವೆಗಳು ಮೇಲೇರಿ ಕೆಳಗಿಳಿಯುವುದನ್ನು ಓರೆಯಾಗಿ ತೋರಿಸುವ ಐಸೊಮೆಟ್ರಿಕ್ ಚಿತ್ರ ಇನ್ನೊಂದು. ಸಂಕೇತಗಳ ಪಟ್ಟಿ ಎಲ್ಲಕ್ಕೂ ಬೀಗದ ಕೈ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಅನುಮತಿಗಾಗಿ ಒಪ್ಪಿಸುವ ನಕ್ಷೆಗಳಲ್ಲಿ ಚರಂಡಿಯನ್ನು ಕೆಂಪು ಚುಕ್ಕಿಗೆರೆಯಿಂದಲೂ, ನೀರನ್ನು ತೆಳುವಾದ ಕಪ್ಪು ಚುಕ್ಕಿಗೆರೆಯಿಂದಲೂ, ಕೆಡವತಕ್ಕ ಭಾಗವನ್ನು ಹಳದಿಯಿಂದಲೂ ತೋರಿಸಲು ಹೇಳುತ್ತದೆ. ಕಚೇರಿಯಿಂದ ಕಚೇರಿಗೆ ಈ ರೂಢಿ ಬದಲಾಗುವುದರಿಂದ ಪಟ್ಟಿಯನ್ನು ನೋಡದೆ ಗೆರೆಯನ್ನು ಓದಕೂಡದು.

ಮಾದರಿಯನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ಕೂಡಲೇ ನಕಲಿಗೆ ತೊಡಗಬಾರದು. ಮೊದಲು ಒಂದು ತೊಟ್ಟು ನೀರಿನ ಬೆನ್ನು ಹತ್ತಬೇಕು. ಬೀದಿಯ ಮೀಟರಿನಿಂದ ಸಂಪಿಗೆ, ಸಂಪಿನಿಂದ ತೊಟ್ಟಿಗೆ, ತೊಟ್ಟಿಯಿಂದ ಅಡಿಗೆಮನೆಯ ನಲ್ಲಿಗೆ ಬೆರಳಿಟ್ಟು ಹೋಗಬೇಕು. ದಾರಿಯಲ್ಲಿ ಎಷ್ಟು ವಾಲ್ವುಗಳು ಬಂದವು? ಒಂದು ಬಚ್ಚಲಿನ ನಲ್ಲಿ ಕೆಟ್ಟರೆ ಆ ಬಚ್ಚಲಿನ ನೀರನ್ನು ಮಾತ್ರ ನಿಲ್ಲಿಸಬಹುದೆ, ಅಥವಾ ಮನೆಯೆಲ್ಲ ಬಾಯಾರಬೇಕೆ? ಅನಂತರ ಪಾತ್ರೆ ತೊಳೆದ ನೀರಿನೊಡನೆ ಹೊರಡಬೇಕು. ಅದು ಯಾವ ಟ್ರಾಪನ್ನು ದಾಟಿತು? ಯಾವ ಚೇಂಬರಿನಲ್ಲಿ ಬೇರೆ ನೀರನ್ನು ಕೂಡಿತು? ದಾರಿ ಕಟ್ಟಿಕೊಂಡರೆ ಎಲ್ಲಿ ಮುಚ್ಚಳ ತೆಗೆದು ಬಿದಿರುಸೀಳನ್ನು ಹಾಕಬಹುದು? ಇದಕ್ಕೆ ಉತ್ತರವಿಲ್ಲದ ನಕ್ಷೆ ಎಷ್ಟು ಅಂದವಾಗಿದ್ದರೂ ಮಾದರಿಯಲ್ಲ.

ಟ್ರಾಪಿನ ಸಂಗತಿಯನ್ನು ಗೃಹಿಣಿಯರೂ ತಿಳಿದಿರುವುದು ಒಳ್ಳೆಯದು. ೧೭೭೫ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರಗಾರನು ಶೌಚದ ಕೊಳವೆಯನ್ನು ಹಾವಿನಂತೆ ಬಾಗಿಸಿ, ಆ ಬಾಗಿನಲ್ಲಿ ನೀರು ಯಾವಾಗಲೂ ನಿಂತಿರುವಂತೆ ಮಾಡಿ ಹಕ್ಕುಪತ್ರ ಪಡೆದನು. ನಿಂತ ನೀರೇ ಚರಂಡಿಯ ದುರ್ವಾಸನೆಗೂ ಹುಳುಹುಪ್ಪಡಿಗೂ ತಡೆ. ಈ ನೀರಿನ ತಡೆ ೫೦ ಮಿ.ಮೀ. ಆಳವಿರಬೇಕೆಂಬುದು ನಮ್ಮಲ್ಲಿ ಸಾಮಾನ್ಯ ನಿಯಮ. ಬಹುದಿನ ಬಳಸದ ಬಚ್ಚಲಿನಲ್ಲಿ ವಾಸನೆ ಬಂದರೆ ಆ ನೀರು ಆರಿಹೋಗಿದೆಯೆಂದು ಅರ್ಥ. ಒಂದು ಚೊಂಬು ನೀರು ಹಾಕಿದರೆ ಸಾಕು. ನಿತ್ಯ ಬಳಸುವ ಬಚ್ಚಲಿನಲ್ಲಿಯೇ ವಾಸನೆ ಬರುತ್ತಿದ್ದರೆ, ಕೊಳವೆಯಲ್ಲಿ ರಭಸದಿಂದ ಇಳಿಯುವ ನೀರು ತಡೆಯ ನೀರನ್ನು ಎಳೆದುಕೊಂಡು ಹೋಗುತ್ತಿರಬಹುದು. ಹಾಗಾಗದಂತೆ ಛಾವಣಿಯ ಮೇಲಕ್ಕೆ ಬಾಯಿ ತೆರೆದ ಗಾಳಿಕೊಳವೆ ಬೇಕು. ಮಾದರಿ ನಕ್ಷೆಯಲ್ಲಿ ಗಾಳಿಕೊಳವೆಯನ್ನು ಹುಡುಕಿ ನೋಡುವುದು ಪರೀಕ್ಷೆಗಳಲ್ಲೊಂದು.

ಒಂದು ಉದಾಹರಣೆ

ನಮ್ಮ ಊರುಗಳಲ್ಲಿ ಎಲ್ಲರೂ ಬಲ್ಲ ೩೦ ಅಡಿ ಅಗಲ, ೪೦ ಅಡಿ ಉದ್ದದ ನಿವೇಶನವನ್ನು ಭಾವಿಸೋಣ. ಶೌಚಗೃಹವು ಹಿಂಭಾಗದಲ್ಲಿದೆ, ಬೀದಿಯ ಒಳಚರಂಡಿ ಮುಂಭಾಗದಲ್ಲಿದೆ. ಹಿಂದಿನ ಚೇಂಬರಿನಿಂದ ಮುಂದಿನ ಚೇಂಬರಿಗೆ ಸುಮಾರು ೧೨ ಮೀಟರು. ನಮ್ಮ ವಿದ್ಯಾರ್ಥಿಯು ಈ ಎರಡರ ನಡುವೆ ಒಂದು ನೇರವಾದ ಗೆರೆ ಎಳೆದು, ‘೧೦೦ ಮಿ.ಮೀ. ಕೊಳವೆ’ ಎಂದು ಬರೆದು ಮುಗಿಸುತ್ತಾನೆ. ಗೆರೆ ನೇರವಾಗಿದೆ, ಅಕ್ಷರ ಮುದ್ದಾಗಿದೆ. ನೀರು ಹರಿಯುತ್ತದೆಯೆ?

ಹರಿಯಬೇಕಾದರೆ ವಾಟ ಬೇಕು. ಐ.ಎಸ್. ೧೭೪೨ರ ಮೇರೆಗೆ ೧೦೦ ಮಿ.ಮೀ. ಕೊಳವೆಗೆ ೫೭ಕ್ಕೆ ೧ರಂತೆ, ೧೫೦ ಮಿ.ಮೀ. ಕೊಳವೆಗೆ ೧೦೦ಕ್ಕೆ ೧ರಂತೆ ವಾಟ ಕೊಟ್ಟರೆ, ಸಾಕಷ್ಟು ನೀರಿದ್ದಾಗ ಅದು ಸೆಕೆಂಡಿಗೆ ೦.೭೫ ಮೀಟರು ವೇಗದಿಂದ ಹರಿದು ಕೊಳೆಯನ್ನು ತಾನೇ ಕೊಚ್ಚಿಕೊಂಡು ಹೋಗುತ್ತದೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ನಾಲ್ಕು ಅಂಗುಲದ ಕೊಳವೆಗೆ ೪೦ಕ್ಕೆ ೧, ಆರು ಅಂಗುಲದ್ದಕ್ಕೆ ೬೦ಕ್ಕೆ ೧ ಎಂಬ ಬೇರೆ ಸೂತ್ರವಿದೆ. ಎರಡು ಮಾದರಿಗಳಲ್ಲಿ ಎರಡು ಲೆಕ್ಕ ಕಂಡಾಗ ವಿದ್ಯಾರ್ಥಿ ಕಂಗೆಡಬೇಕಾದುದಿಲ್ಲ. ಯಾವುದು ಯಾವ ಕಾಲದ್ದು, ಯಾವ ನಿಯಮದ್ದು ಎಂದು ಕೇಳಬೇಕು.

ಈಗ ಗುಣಿಸಿ ನೋಡೋಣ. ೧೨ ಮೀಟರೆಂದರೆ ೧೨,೦೦೦ ಮಿ.ಮೀ. ಅದನ್ನು ೫೭ರಿಂದ ಭಾಗಿಸಿದರೆ ಸುಮಾರು ೨೧೦ ಮಿ.ಮೀ. ಹಿಂದಿನ ಚೇಂಬರಿನಲ್ಲಿ ಕೊಳವೆಯ ಒಳತಳ ನೆಲಮಟ್ಟದಿಂದ ೩೦೦ ಮಿ.ಮೀ. ಕೆಳಗಿದ್ದರೆ, ನೆಲ ಸಮತಟ್ಟಾಗಿರುವಲ್ಲಿ ಮುಂದಿನ ಚೇಂಬರಿನಲ್ಲಿ ಅದು ೫೧೦ ಮಿ.ಮೀ. ಕೆಳಗಿರಬೇಕು. ಆದರೆ ಬೀದಿಯ ಕಡೆಯ ಕೊಳವೆ ಕೇವಲ ೪೫೦ ಮಿ.ಮೀ. ಆಳದಲ್ಲಿದೆಯೆಂದು ಇಟ್ಟುಕೊಳ್ಳಿ. ಅಂದವಾದ ಆ ನಕ್ಷೆಯು ೬೦ ಮಿ.ಮೀ.ನಿಂದ ಸೋತಿತು. ಪ್ರತಿ ಮಳೆಗಾಲದಲ್ಲಿಯೂ ಆ ಮನೆಯ ಬಚ್ಚಲು ಹಿಂದಕ್ಕೆ ಉಕ್ಕುತ್ತದೆ.

ಪರಿಹಾರಗಳುಂಟು. ಮೇಲಿನ ಮಣ್ಣಿನ ಹೊದಿಕೆ ಸಾಲುವುದಾದರೆ ಹಿಂದಿನ ಕೊಳವೆಯನ್ನು ೬೦ ಮಿ.ಮೀ. ಮೇಲೆತ್ತಬಹುದು, ಶೌಚಗೃಹವನ್ನು ಮುಂದಕ್ಕೆ ತಂದು ದಾರಿಯನ್ನು ಕಡಮೆ ಮಾಡಬಹುದು, ಮನೆಯ ನೆಲಗಟ್ಟನ್ನೇ ಎತ್ತರಿಸಬಹುದು. ಕೆಲವರು ೧೫೦ ಮಿ.ಮೀ. ಕೊಳವೆ ಹಾಕಿದರೆ ೧೨೦ ಮಿ.ಮೀ. ಇಳಿತವೇ ಸಾಕಲ್ಲವೆ ಎನ್ನುವರು. ಲೆಕ್ಕಕ್ಕೆ ಸರಿ; ಆದರೆ ಒಂದೇ ಮನೆಯ ಸ್ವಲ್ಪ ನೀರು ದೊಡ್ಡ ಕೊಳವೆಯ ತಳದಲ್ಲಿ ತೆಳ್ಳಗೆ ಹರಡಿಕೊಂಡು ಹರಿದರೆ ಕೊಳೆ ಹಿಂದುಳಿಯುತ್ತದೆ. ದೊಡ್ಡದೆಲ್ಲ ಒಳ್ಳೆಯದಲ್ಲ. ಯಾವ ಪರಿಹಾರವನ್ನು ಹಿಡಿದರೂ ಅದನ್ನು ಕಾಗದದ ಮೇಲೆ ಇರುವಾಗಲೇ ಹಿಡಿಯಬೇಕು; ಅಲ್ಲಿ ಅಳಿಸುವುದಕ್ಕೆ ರಬ್ಬರು ಸಾಕು, ನೆಲದಲ್ಲಿ ಅಳಿಸುವುದಕ್ಕೆ ಗುದ್ದಲಿ ಬೇಕು.

ತೊಟ್ಟಿಯ ವಿ��ಯವೂ ಹೀಗೆಯೇ. ಒಬ್ಬರಿಗೆ ದಿನಕ್ಕೆ ೧೩೫ ಲೀಟರೆಂಬುದು ನಮ್ಮ ನಗರಗಳ ನೀರಿನ ಯೋಜನೆಗಳಲ್ಲಿ ರೂಢಿಯಾದ ಲೆಕ್ಕ. ಐವರ ಸಂಸಾರಕ್ಕೆ ೬೭೫ ಲೀಟರಾಯಿತು. ೧,೦೦೦ ಲೀಟರಿನ ತೊಟ್ಟಿ ಒಂದು ದಿನಕ್ಕೆ ಧಾರಾಳ. ಆದರೆ ಅದು ತುಂಬಿದಾಗ ನೀರಿನ ತೂಕವೇ ಒಂದು ಟನ್ನು. ಅದು ಯಾವ ಗೋಡೆಯ, ಯಾವ ಕಂಬದ ಮೇಲೆ ಕೂರುತ್ತದೆಂದು ಮಾಳಿಗೆಯ ನಕ್ಷೆ ಹೇಳಬೇಕು.

ತನ್ನ ಮನೆಯೇ ಮಾದರಿ

ಇಷ್ಟೆಲ್ಲ ಮಾದರಿಗಳನ್ನು ಓದಿದ ಮೇಲೆ ವಿದ್ಯಾರ್ಥಿಯು ಮಾಡತಕ್ಕ ಮುಖ್ಯವಾದ ಕೆಲಸವೊಂದುಂಟು. ಅದು ತಾನು ವಾಸಿಸುವ ಮನೆಯ ಕೊಳಾಯಿ ನಕ್ಷೆಯನ್ನು ತಾನೇ ಬರೆಯುವುದು. ಮಂಜೂರಾದ ನಕ್ಷೆ ಮನೆಯಲ್ಲಿದ್ದರೆ ಗೋಡೆಗಳ ಅಳತೆ ಅದರಿಂದ ಸಿಗುತ್ತದೆ. ಕೊಳವೆಗಳ ವಿವರ ಅದರಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಅಳತೆಪಟ್ಟಿ, ಪೆನ್ಸಿಲು, ಚೌಕಗಳಿರುವ ಕಾಗದ, ನೀರಿನ ನಳಿಕೆಯ ಮಟ್ಟ ಇವಿಷ್ಟು ಸಾಮಗ್ರಿ ಸಾಕು. ನೀರು ತುಂಬಿದ ಪಾರದರ್ಶಕ ನಳಿಕೆಯ ಎರಡು ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುವುದರಿಂದ, ಮುಂದಿನ ಹಿಂದಿನ ಚೇಂಬರುಗಳ ಎತ್ತರಗಳನ್ನು ನಮ್ಮ ಮೇಸ್ತ್ರಿಗಳು ಬಹುಕಾಲದಿಂದ ಹೀಗೆಯೇ ತಾಳೆ ನೋಡುತ್ತ ಬಂದಿದ್ದಾರೆ.

ಚೇಂಬರಿನ ಮುಚ್ಚಳವನ್ನು ದೊಡ್ಡವರ ಸಮ್ಮುಖದಲ್ಲಿ ತೆರೆದು, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಮೇಲಿನಿಂದಲೇ ಕೋಲಿನಿಂದ ಆಳವನ್ನು ಅಳೆಯಬೇಕು. ಒಳಗೆ ಇಳಿಯಕೂಡದು, ಬಾಗಿ ತಲೆ ಹಾಕಕೂಡದು. ಚರಂಡಿಯ ವಿಷವಾಯುವಿನಿಂದ ಪ್ರಾಣ ಹೋಗುವುದಕ್ಕೆ ಹೆಚ್ಚು ಹೊತ್ತು ಬೇಡ. ಯಾವ ಬಚ್ಚಲಿನ ನೀರು ಯಾವ ಕೊಳವೆಯಿಂದ ಬರುತ್ತದೆಂದು ತಿಳಿಯಲು ಒಬ್ಬರು ಒಳಗೆ ಅರಿಸಿನ ಕದಡಿದ ನೀರನ್ನು ಸುರಿಯಲಿ. ಇನ್ನೊಬ್ಬರು ಹೊರಗೆ ನೋಡಲಿ. ಹೀಗೆ ಕಂಡುದನ್ನು ಅಂದೇ ಕಾಗದಕ್ಕೆ ಇಳಿಸಬೇಕು. ಕಂಡುದನ್ನು ಅಖಂಡ ಗೆರೆಯಿಂದಲೂ, ಊಹಿಸಿದುದನ್ನು ತುಂಡುಗೆರೆಯಿಂದಲೂ ಬರೆದು, ಹಾಗೆಂದು ಪಟ್ಟಿಯಲ್ಲಿ ನಮೂದಿಸಬೇಕು. ಊಹೆಯನ್ನು ಕಂಡಂತೆ ಬರೆಯುವುದು ನಕ್ಷೆಗಾರನು ಮಾಡಬಹುದಾದ ದೊಡ್ಡ ಅಪಚಾರ. ಮುಂದೆ ಅದನ್ನು ನಂಬಿ ಗೋಡೆ ಒಡೆಯುವವನಿಗೆ ಅವನು ದ್ರೋಹ ಮಾಡಿದಂತಾಗುತ್ತದೆ.

ಮನೆಯ ನಕ್ಷೆ ಮುಗಿದ ಮೇಲೆ ಅದನ್ನು ಮೊದಲು ಸಂಗ್ರಹಿಸಿದ ಮಾದರಿಗಳ ಪಕ್ಕದಲ್ಲಿಟ್ಟು ನೋಡಬೇಕು. ಮಾದರಿಯಲ್ಲಿದ್ದ ಗಾಳಿಕೊಳವೆ ಇಲ್ಲಿದೆಯೆ? ಸಂಪಿನ ಮುಚ್ಚಳ ನೆಲಕ್ಕಿಂತ ಎತ್ತರವಾಗಿದೆಯೆ? ಚರಂಡಿಯ ಚೇಂಬರು ಸಂಪಿನ ಪಕ್ಕಕ್ಕೆ ಬಂದಿದೆಯೆ? ವಾಲ್ವು ಕೈಗೆಟುಕುತ್ತದೆಯೆ? ಈ ಹೋಲಿಕೆಯಿಂದ ಎರಡು ಲಾಭ: ವಿದ್ಯಾರ್ಥಿಗೆ ಮಾದರಿಯ ಪ್ರತಿಯೊಂದು ಗೆರೆಯ ಕಾರಣ ತಿಳಿಯುತ್ತದೆ; ಮನೆಯವರಿಗೆ ತಮ್ಮ ಮನೆಯ ದೋಷ ತಿಳಿಯುತ್ತದೆ. ತರುವಾಯ ಮಾದರಿಯನ್ನು ಮುಚ್ಚಿಟ್ಟು ನೆನಪಿನಿಂದ ಬರೆದು, ತೆರೆದು ತಿದ್ದಿಕೊಳ್ಳುವ ಅಭ್ಯಾಸವನ್ನು ವಾರಕ್ಕೊಮ್ಮೆ ಇಟ್ಟುಕೊಂಡರೆ ಕೈ ತಾನಾಗಿ ಪಳಗುತ್ತದೆ. ಹಾಡುತ್ತ ಹಾಡುತ್ತ ರಾಗವೆಂಬುದು ಗೆರೆಗೂ ಸಲ್ಲುವ ಮಾತು.

ಹಿಂದೆ ನಕ್ಷೆಗಳನ್ನು ಮಸಿಯಿಂದ ಬರೆದು, ೧೮೪೨ರಲ್ಲಿ ಹರ್ಷೆಲ್ ಕಂಡುಹಿಡಿದ ವಿಧಾನದಿಂದ ನೀಲಿ ಕಾಗದದ ಮೇಲೆ ಪ್ರತಿ ಇಳಿಸುತ್ತಿದ್ದರು. ಈಗ ಗಣಕಯಂತ್ರದಲ್ಲಿ ಬರೆಯುತ್ತಾರೆ. ಯಂತ್ರವು ಗೆರೆಯನ್ನು ನೇರಮಾಡಿಕೊಡುತ್ತದೆ. ವಾಟವನ್ನು ಯೋಚಿಸಬೇಕಾದವನು ಮನುಷ್ಯನೇ. ಆದುದರಿಂದ ಮನೆಯಲ್ಲಿ ಈ ವಿದ್ಯೆಯನ್ನು ಕಲಿಯುವ ಮಗನೋ ಮಗಳೋ ಇದ್ದರೆ, ಗೃಹಸ್ಥರು ಅವರಿಗೆ ಅಳತೆಪಟ್ಟಿಯ ಇನ್ನೊಂದು ತುದಿಯನ್ನು ಹಿಡಿದುಕೊಂಡು ನೆರವಾಗಲಿ. ಒಂದು ಭಾನುವಾರದ ಶ್ರಮಕ್ಕೆ ಮಕ್ಕಳಿಗೆ ಪುಸ್ತಕದಲ್ಲಿ ಸಿಗದ ಪಾಠವೂ, ಮನೆಗೆ ಮುಂದಿನ ತಲೆಮಾರಿಗೆ ಒದಗುವ ಒಂದು ನಕ್ಷೆಯೂ ದೊರೆಯುತ್ತವೆ. ಆ ನಕ್ಷೆಯ ಮೂಲೆಯಲ್ಲಿ ಬರೆದ ದಿನಾಂಕವನ್ನು ನಮೂದಿಸಿ, ಒಂದು ಪ್ರತಿಯನ್ನು ಕ್ರಯಪತ್ರದೊಡನೆ ಇಡತಕ್ಕದ್ದು; ಕೊಳವೆಯನ್ನು ಬದಲಾಯಿಸಿದಾಗಲೆಲ್ಲ ಅದನ್ನೂ ತಿದ್ದತಕ್ಕದ್ದು.